ಕೋಲಾರದ ಪಿನ್ ಕೋಡನ್ನು ಕೈಲೆಕ್ಕದಲ್ಲೇ ಬಿಡಿಸುವುದು ಹೇಗೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಗ್ಗೆ ಹರಾಜು ಶುರುವಾದರೆ ತಲೆ ಎತ್ತಲು ಬಿಡುವಿರುವುದಿಲ್ಲ. 15 ಕೆಜಿ ಬಾಕ್ಸು ಎಷ್ಟು ಬಂತು, ರೇಟು ಎಷ್ಟಕ್ಕೆ ನಿಂತಿತು, ಹಮಾಲಿ ಎಷ್ಟು, ಯಾರಿಗೆ ಎಷ್ಟು ಬಾಕಿ. ಮಧ್ಯಾಹ್ನದ ಮೇಲೆ ಲಾರಿಗಳು ಹೊರಟವೆಂದರೆ ಮಂಡಿ ತಣ್ಣಗಾಗುತ್ತದೆ. ಅಂಥ ಒಂದು ಮಧ್ಯಾಹ್ನ ಬಿಲ್ ಬುಕ್ಕಿನ ತಲೆಮೇಲೆ ಅಚ್ಚಾಗಿದ್ದ ವಿಳಾಸವನ್ನು ಸುಮ್ನೆ ನೋಡುತ್ತಾ ಕೂತಿದ್ದೆ. ಕೋಲಾರ 563101. ದಿನಕ್ಕೆ ನೂರು ಸಲ ಕಣ್ಣಿಗೆ ಬೀಳುವ ಸಂಖ್ಯೆ. ಅದರ ಹೊಟ್ಟೆಯಲ್ಲಿ ಏನಿದೆ ಅಂತ ಅವತ್ತಿನವರೆಗೆ ನೋಡಿರಲೇ ಇಲ್ಲ.

ಪಿನ್ ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಮೂರು ಅಂಕಿ ಪತ್ರಗಳನ್ನು ವಿಂಗಡಿಸುವ ಪ್ರದೇಶದ್ದು, ಕೊನೆಯ ಮೂರು ಅಂಚೆ ಕಚೇರಿಯದ್ದು. ಅಂಚೆಯವರಿಗೆ ಅಷ್ಟು ಸಾಕು. ನಮಗೆ ಸಾಲದು. ಆರು ಅಂಕಿಯ ಒಂದು ಸಂಖ್ಯೆ ಕೈಗೆ ಸಿಕ್ಕರೆ ಅದನ್ನು ಹೇಗೆ ಬಿಡಿಸುವುದು (ಅಂದರೆ ಯಾವ ಯಾವ ಸಂಖ್ಯೆಗಳನ್ನು ಗುಣಿಸಿದರೆ ಅದು ಬರುತ್ತದೆ ಅಂತ ಒಡೆದು ನೋಡುವುದು), ಬಿಡಿಸಿದ ಮೇಲೆ ಅದರಿಂದ ಏನೇನು ಹೊರಡುತ್ತದೆ ಅನ್ನುವುದನ್ನು ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರನ್ನೂ ಇಟ್ಟುಕೊಂಡು ಹೇಳುತ್ತೇನೆ. ತುಮಕೂರಿನದು 572101. ಚಿಕ್ಕಬಳ್ಳಾಪುರದ್ದು 562101.

ಬೇಕಾದದ್ದು ಒಂದು ಪೆನ್ನು, ಹಳೇ ಬಿಲ್ ಬುಕ್ಕಿನ ಹಿಂಬದಿ, ಮತ್ತು ವರ್ಗಮೂಲದ ಬಟನ್ ಇರುವ ಸಾದಾ ಕ್ಯಾಲ್ಕುಲೇಟರ್. 100ರ ಒಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ: 2, 3, 5, 7, 11, 13 ಹೀಗೆ 97ರವರೆಗೆ ಒಟ್ಟು 25. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳು ಇವು. ಯಾವ ಸಂಖ್ಯೆಯನ್ನು ಬಿಡಿಸಿದರೂ ಕೊನೆಗೆ ಉಳಿಯುವುದು ಇವೇ.

ಹೆಜ್ಜೆ 1: ಭಾಗಿಸುವ ಮೊದಲು ನೋಡಿ

ಕೊನೆಯ ಅಂಕಿ 1. ಹಾಗಾಗಿ 2ರಿಂದಲೂ 5ರಿಂದಲೂ ಹೋಗುವುದಿಲ್ಲ. ಮೂರೂ ಊರಿನ ಸಂಖ್ಯೆಗಳಿಗೆ ಇದೇ ಮಾತು.

ಅಂಕಿಗಳನ್ನು ಕೂಡಿಸಿ. ಕೋಲಾರ: 5+6+3+1+0+1 = 16. ತುಮಕೂರು: ಅದೂ 16. ಚಿಕ್ಕಬಳ್ಳಾಪುರ: 15. ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಚಿಕ್ಕಬಳ್ಳಾಪುರ ಇಲ್ಲೇ ಒಂದು ಸಲ ಒಡೆಯಿತು: 562101 = 3 × 187367. ಕೋಲಾರ, ತುಮಕೂರಿಗೆ 3 ಇಲ್ಲ.

ಅಂಕಿ ಕೂಡಿಸುವ ಈ ಲೆಕ್ಕ ಮಂಡಿಯವರಿಗೆ ಹೊಸದಲ್ಲ. ಒಂದು ಸಲ ನನ್ನ ದಿನದ ಲೆಕ್ಕದಲ್ಲಿ 270 ರೂಪಾಯಿ ವ್ಯತ್ಯಾಸ ಬಂತು. ಸಂಜೆ ಏಳಾದರೂ ಸಿಗಲಿಲ್ಲ. ಹಳಬರೊಬ್ಬರು ಬಂದು, "ವ್ಯತ್ಯಾಸ 9ರಿಂದ ಹೋಗುತ್ತಾ ನೋಡಪ್ಪ. ಹೋದರೆ ಎಲ್ಲೋ ಅಂಕಿ ಅದಲು ಬದಲಾಗಿದೆ" ಅಂದರು. 270 = 9 × 30. ಹುಡುಕಿದರೆ 1630 ಅಂತ ಬರೆಯುವ ಕಡೆ 1360 ಅಂತ ಬರೆದಿದ್ದೆ. ಅಂಕಿಗಳು ಅವೇ ಇದ್ದರೆ ಅಥವಾ ಅವುಗಳ ಮೊತ್ತ ಒಂದೇ ಆದರೆ, ಎರಡು ಸಂಖ್ಯೆಗಳ ವ್ಯತ್ಯಾಸ 9ರಿಂದ ಭಾಗವಾಗಲೇಬೇಕು. ತುಮಕೂರಿನಿಂದ ಕೋಲಾರ ಕಳೆದು ನೋಡಿ: 572101 − 563101 = 9000. ಸರಿಯಾಯಿತಲ್ವಾ?

ಆ 9000 ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಎರಡು ಸಂಖ್ಯೆಗಳನ್ನೂ ಭಾಗಿಸುವ ಯಾವುದೇ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಬೇಕು. 9000ದಲ್ಲಿ ಇರುವ ಅವಿಭಾಜ್ಯಗಳು 2, 3, 5 ಮಾತ್ರ. ಆ ಮೂರೂ ಕೋಲಾರದಲ್ಲಿಲ್ಲ. ಹಾಗಾದರೆ ಕೋಲಾರಕ್ಕೂ ತುಮಕೂರಿಗೂ 1 ಬಿಟ್ಟು ಬೇರೆ ಯಾವ ನಂಟೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ವ್ಯತ್ಯಾಸ ಬರೀ 1000. ಅಲ್ಲೂ ನಂಟಿಲ್ಲ. 2007ರಲ್ಲಿ ಅವರು ನಮ್ಮಿಂದ ಬೇರೆ ಜಿಲ್ಲೆಯಾಗಿ ಹೋದರು, ಪಿನ್ ಕೋಡಿನಲ್ಲಿ ಮೊದಲೇ ಪಾಲಾಗಿತ್ತು. ಒಂದೂ ಭಾಗಾಕಾರ ಮಾಡದೆ ಇಷ್ಟು ಗೊತ್ತಾಯಿತು.

ಹೆಜ್ಜೆ 2: 1001ರ ಉಪಾಯ

7, 11, 13ಕ್ಕೆ ಮೂರು ಸಲ ಭಾಗಿಸುವ ಅಗತ್ಯವಿಲ್ಲ. 7 × 11 × 13 = 1001. ಇದನ್ನು ನೆನಪಿಟ್ಟುಕೊಂಡರೆ ಸಾಕು.

ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗೆ ಕತ್ತರಿಸಿ. 563 ಮತ್ತು 101. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 462. ಈಗ 563101ರ ಬದಲು 462ನ್ನು ಪರೀಕ್ಷೆ ಮಾಡಿದರೆ ಆಯಿತು. ಯಾಕೆ ಅಂದರೆ, 563101 ಎಂದರೆ 563 ಸಲ 1001, ಅದರಲ್ಲಿ 462 ಕಡಿಮೆ. 1001ರ ಭಾಗ ಹೇಗೂ ಸಲೀಸಾಗಿ ಹೋಗುತ್ತದೆ. ಉಳಿಯುವ ತಕರಾರು 462ರದ್ದು.

462 = 7 × 66. ಅದೇ 462 = 11 × 42. 13ರಿಂದ ಹೋಗುವುದಿಲ್ಲ, 7 ಉಳಿಯುತ್ತದೆ. ಒಂದೇ ಕಳೆಯುವ ಲೆಕ್ಕದಲ್ಲಿ 7, 11 ಎರಡೂ ಸಿಕ್ಕವು! 563101ನ್ನು 77ರಿಂದ ಭಾಗಿಸಿದರೆ 7313.

ತುಮಕೂರಿಗೆ ಇದೇ ಮಾಡಿದರೆ 572 − 101 = 471. 7ಕ್ಕೂ ಇಲ್ಲ, 11ಕ್ಕೂ ಇಲ್ಲ, 13ಕ್ಕೂ ಇಲ್ಲ. ಚಿಕ್ಕಬಳ್ಳಾಪುರಕ್ಕೆ 461. ಅದೂ ಮೂರಕ್ಕೂ ಬಗ್ಗುವುದಿಲ್ಲ. ಈ 461 ಆಮೇಲೆ ಬೇರೆ ಕಡೆ ತಲೆ ಹಾಕುತ್ತದೆ, ಮರೆಯಬೇಡಿ.

ಹೆಜ್ಜೆ 3: 10001ರ ಉಪಾಯ

ಇದು ಅಷ್ಟು ಜನಕ್ಕೆ ಗೊತ್ತಿಲ್ಲ. 10001 = 73 × 137. ಈ ಸಲ ಬಲದಿಂದ ನಾಲ್ಕು ಅಂಕಿಗೆ ಕತ್ತರಿಸಿ. ತುಮಕೂರು: 57 ಮತ್ತು 2101. 2101 − 57 = 2044. ಇದು 73 × 28. ಅಂದರೆ 572101 ಕೂಡ 73ರಿಂದ ಭಾಗವಾಗುತ್ತದೆ, 7837 ಬರುತ್ತದೆ. 7837ಕ್ಕೆ ಸಣ್ಣ ಅವಿಭಾಜ್ಯಗಳನ್ನು ಒಂದೊಂದಾಗಿ ಹಾಕಿ ನೋಡಿದೆ. 17ಕ್ಕೆ ಬಿತ್ತು: 17 × 461. ಅಗೋ, ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದ್ದ 461 ತುಮಕೂರಿನಲ್ಲಿ ಕೂತಿದೆ. ಇದಕ್ಕೇನೂ ಅರ್ಥವಿಲ್ಲ, ಕಾಕತಾಳೀಯ ಅಷ್ಟೆ. ಆದರೂ ನೋಡಿದಾಗ ಖುಷಿಯಾಯಿತು.

ಹೀಗೆ ತುಮಕೂರು ಮುಗಿಯಿತು: 572101 = 17 × 73 × 461.

73ಕ್ಕೆ ನಮ್ಮ ನಾಡಿನಲ್ಲಿ ಹಳೆಯ ಮರ್ಯಾದೆಯೂ ಇದೆ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿ, ಹಾರದ ಹಾಗೆ ಕಾಣುವ ಗುಣಲಬ್ಧಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಅದರಲ್ಲೊಂದು 152207 × 73 = 11111111. ಗುಣಿಸಿ ನೋಡಿ, ಎಂಟು ಒಂದುಗಳು ಸಾಲಾಗಿ ಬರುತ್ತವೆ.

ಹೆಜ್ಜೆ 4: ವರ್ಗದಿಂದ ಒಡೆಯುವುದು

ಕೋಲಾರದ 7313 ಇನ್ನೂ ಬಾಕಿ ಇದೆ. ಭಾಗಿಸುತ್ತಾ ಹೋಗಬಹುದು, ಆದರೆ ಎಲ್ಲಿಯವರೆಗೆ? ವರ್ಗಮೂಲದವರೆಗೆ. ಒಂದು ಸಂಖ್ಯೆ ಎರಡಾಗಿ ಒಡೆದರೆ ಅದರಲ್ಲಿ ಚಿಕ್ಕ ತುಂಡು ವರ್ಗಮೂಲವನ್ನು ದಾಟಲು ಸಾಧ್ಯವಿಲ್ಲ. 7313ರ ವರ್ಗಮೂಲ 85 ಚಿಲ್ಲರೆ. ಅಲ್ಲಿಯವರೆಗೆ 23 ಅವಿಭಾಜ್ಯಗಳಿವೆ. ಚಹಾ ಆರಿಹೋಗುತ್ತದೆ.

17ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ಫರ್ಮಾ ಅನ್ನುವ ವಕೀಲ ಬೇರೆ ದಾರಿ ತೋರಿಸಿದ. ಸಂಖ್ಯೆಗಿಂತ ಸ್ವಲ್ಪ ದೊಡ್ಡದಾದ ವರ್ಗ ತಗೊಳ್ಳಿ. ಅದರಿಂದ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದೂ ಒಂದು ವರ್ಗವಾಗಿದ್ದರೆ ಕೆಲಸ ಮುಗಿಯಿತು.

86ರ ವರ್ಗ 7396. ಅದರಿಂದ 7313 ಕಳೆದರೆ 83. ಯಾವ ವರ್ಗವೂ 2, 3, 7, 8ರಲ್ಲಿ ಮುಗಿಯುವುದಿಲ್ಲ. ಹಾಗಾಗಿ 83ನ್ನು ನೋಡಿದ ತಕ್ಷಣ ಬಿಡಬಹುದು.
87ರ ವರ್ಗ 7569. ಕಳೆದರೆ 256. ಅದು 16ರ ವರ್ಗ!

ಈಗ 87ರಿಂದ 16 ಕಳೆಯಿರಿ, 87ಕ್ಕೆ 16 ಕೂಡಿಸಿ. 71 ಮತ್ತು 103. ಎರಡೂ ಅವಿಭಾಜ್ಯ. ವರ್ಗಮೂಲ 10ರ ಆಸುಪಾಸಿನಲ್ಲೇ ಇರುವುದರಿಂದ 2, 3, 5, 7 ನೋಡಿದರೆ ಸಾಕು.

563101 = 7 × 11 × 71 × 103.

ಇಲ್ಲಿಗೆ ನಾನು ದೊಡ್ಡ ಸಾಧನೆ ಮಾಡಿದವನ ಹಾಗೆ ಬೀಗುತ್ತಿದ್ದೆ. ನಾಲ್ಕೈದು ದಿನ ಆದಮೇಲೆ ಅದೇ ಹಾಳೆ ಕಣ್ಣಿಗೆ ಬಿತ್ತು. ಫರ್ಮಾನ ಉಪಾಯವನ್ನು 7313ಕ್ಕೆ ಹಾಕಿದೆ ಸರಿ, ಪೂರ್ತಿ ಸಂಖ್ಯೆಗೇ ಯಾಕೆ ಹಾಕಲಿಲ್ಲ? 563101ರ ವರ್ಗಮೂಲ 750 ಚಿಲ್ಲರೆ. 750ರ ವರ್ಗ ಬಾಯಲ್ಲೇ ಬರುತ್ತದೆ, 75ರ ವರ್ಗ 5625, ಅದಕ್ಕೆ ಎರಡು ಸೊನ್ನೆ: 562500. 751ರ ವರ್ಗಕ್ಕೆ ಹೋಗಲು ಅದಕ್ಕೆ 750ನ್ನೂ 751ನ್ನೂ ಕೂಡಿಸಿದರೆ ಆಯಿತು: 564001. ಅದರಿಂದ 563101 ಕಳೆದರೆ 900. ಮೂವತ್ತರ ವರ್ಗ. ಮೊದಲ ಪ್ರಯತ್ನಕ್ಕೇ!

751 − 30 = 721. 751 + 30 = 781. 721 × 781 = 563101. 721 ಅಂದರೆ 7 × 103, 781 ಅಂದರೆ 11 × 71. ಬಾಗಿಲು ತೆರೆದೇ ಇತ್ತು, ನಾನು ಹಿತ್ತಿಲಿನಿಂದ ಸುತ್ತಿಕೊಂಡು ಬಂದಿದ್ದೆ. ಅವತ್ತಿನಿಂದ ಯಾವ ಸಂಖ್ಯೆ ಸಿಕ್ಕರೂ ಮೊದಲು ವರ್ಗಮೂಲದ ಪಕ್ಕ ನೋಡುತ್ತೇನೆ.

ಆದರೆ ಇದಕ್ಕೆ ಜಾಸ್ತಿ ಹೊತ್ತು ಅಂಟಿಕೊಳ್ಳಬೇಡಿ. ಹತ್ತು ಪ್ರಯತ್ನ ಸಾಕು. ತುಮಕೂರಿಗೆ ಇದೇ ದಾರಿ ಹಿಡಿದರೆ 757ರಿಂದ ಹೊರಟು 851 ಮುಟ್ಟುವವರೆಗೆ 95 ವರ್ಗ ನೋಡಬೇಕಾಗುತ್ತಿತ್ತು. ಎರಡು ತುಂಡುಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಈ ಉಪಾಯ ಬೇಗ ಫಲಿಸುತ್ತದೆ. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಅನ್ನುವ ಗುಪ್ತಲಿಪಿ ನಿಂತಿರುವುದೇ ದೊಡ್ಡ ಸಂಖ್ಯೆಯನ್ನು ಒಡೆಯುವುದು ಕಷ್ಟ ಅನ್ನುವುದರ ಮೇಲೆ. ಅದರ ಎರಡು ಅವಿಭಾಜ್ಯಗಳು ಪಕ್ಕಪಕ್ಕದಲ್ಲಿದ್ದರೆ ಫರ್ಮಾ ಬಂದು ಬೀಗ ತೆಗೆದುಬಿಡುತ್ತಾನೆ, ಅದಕ್ಕೇ ಅವುಗಳನ್ನು ದೂರ ಇಡುತ್ತಾರೆ. 2020ರಲ್ಲಿ 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು ಕಂಪ್ಯೂಟರುಗಳ ಗುಂಪೇ ಕಟ್ಟಿಕೊಂಡು ಒಡೆದರು. ನಮ್ಮದು ಆರು ಅಂಕಿ, ಬಿಡಿ.

ಹೆಜ್ಜೆ 5: ತಾಳೆ ನೋಡುವುದು

ಗುಣಿಸಿ ನೋಡುವುದೇ ಸರಿಯಾದ ತಾಳೆ. ಅವಸರದಲ್ಲಿದ್ದರೆ ಅಂಕಿ ಕೂಡಿಸಿ. 71 ಎಂದರೆ 8, 103 ಎಂದರೆ 4, 11 ಎಂದರೆ 2, 7 ಹಾಗೇ. 7 × 2 = 14, ಅದು 5. 5 × 8 = 40, ಅದು 4. 4 × 4 = 16, ಅದು 7. ಅತ್ತ 563101 ಕೂಡಿಸಿದರೆ 16, ಅದೂ 7. ತಾಳೆಯಾಯಿತು. ಆದರೆ ನನ್ನ 1630ರ ಕಥೆ ನೆನಪಿದೆಯಲ್ಲ? ಅಂಕಿ ಅದಲು ಬದಲಾದರೆ ಈ ತಾಳೆ ಬಾಯಿ ಬಿಡುವುದಿಲ್ಲ.

ಬಿಡಿಸಿದ ಮೇಲೆ ಏನು ಸಿಗುತ್ತದೆ

ಎಷ್ಟು ಭಾಜಕಗಳಿವೆ? ಕೋಲಾರದಲ್ಲಿ ನಾಲ್ಕು ಅವಿಭಾಜ್ಯ. ಒಂದೊಂದನ್ನೂ ತಗೊಳ್ಳಬಹುದು, ಬಿಡಬಹುದು. 2 × 2 × 2 × 2 = 16. ಬರೆದು ನೋಡಿ: 1, 7, 11, 71, 77, 103, 497, 721, 781, 1133, 5467, 7313, 7931, 51191, 80443, 563101. ಮೊದಲನೆಯದನ್ನು ಕೊನೆಯದರ ಜೊತೆ, ಎರಡನೆಯದನ್ನು ಕೊನೆಯಿಂದ ಎರಡನೆಯದರ ಜೊತೆ ಗುಣಿಸಿದರೆ ಎಲ್ಲವೂ 563101. ಸರಿಯಾಗಿ ನಡುವೆ ಕೂತಿರುವ ಜೋಡಿ 721, 781.

ಈ 16ರ ಮೊತ್ತ ಬೇಕಾದರೆ ಕೂಡಿಸುತ್ತಾ ಕೂರಬೇಡಿ. ಪ್ರತಿ ಅವಿಭಾಜ್ಯಕ್ಕೆ ಒಂದು ಸೇರಿಸಿ ಗುಣಿಸಿ: 8 × 12 × 72 × 104 = 7,18,848. ಅದರಿಂದ ಸಂಖ್ಯೆಯನ್ನೇ ಕಳೆದರೆ 1,55,747. 6, 28ರಂಥ ಪರಿಪೂರ್ಣ ಸಂಖ್ಯೆಗಳಲ್ಲಿ ಇದು ಸಂಖ್ಯೆಗೆ ಸರಿಸಮ ಬರುತ್ತದೆ. ಕೋಲಾರಕ್ಕೆ ಬಹಳ ಕಡಿಮೆ ಬಿತ್ತು.

ಒಂದು ಸೇರಿಸುವ ಬದಲು ಒಂದು ಕಳೆದು ಗುಣಿಸಿದರೆ 6 × 10 × 70 × 102 = 4,28,400. ಒಂದರಿಂದ 563101ರವರೆಗೆ, ಕೋಲಾರದ ಜೊತೆ 1 ಬಿಟ್ಟು ಬೇರೆ ಯಾವ ಭಾಜಕವನ್ನೂ ಹಂಚಿಕೊಳ್ಳದ ಸಂಖ್ಯೆಗಳು ಇಷ್ಟಿವೆ.

ಈ ಸೂತ್ರಗಳು ನಡೆಯುವುದು ಯಾವ ಅವಿಭಾಜ್ಯವೂ ಎರಡು ಸಲ ಬರದಿದ್ದಾಗ ಮಾತ್ರ. ಚಿಂತಾಮಣಿಯ 563125 ತಗೊಳ್ಳಿ. (ಊರು ಚಿಕ್ಕಬಳ್ಳಾಪುರ ಜಿಲ್ಲೆಯದ್ದು, ಪಿನ್ನು ಇನ್ನೂ ನಮ್ಮ 563ರದ್ದೇ.) 5ರಿಂದ ನಾಲ್ಕು ಸಲ ಭಾಗವಾಗಿ 901 ಉಳಿಯುತ್ತದೆ, ಅದು 17 × 53. ಇಲ್ಲಿ 5ನ್ನು ಸೊನ್ನೆ ಸಲದಿಂದ ನಾಲ್ಕು ಸಲದವರೆಗೆ ತಗೊಳ್ಳಬಹುದು, ಐದು ದಾರಿ. ಭಾಜಕಗಳು 5 × 2 × 2 = 20.

ಇನ್ನು 1ನ್ನು 563101ರಿಂದ ಭಾಗಿಸಿದರೆ ದಶಮಾಂಶದಲ್ಲಿ 3570 ಅಂಕಿಗೊಮ್ಮೆ ಅದೇ ಸಾಲು ಮತ್ತೆ ಬರುತ್ತದೆ. 7ಕ್ಕೆ 6, 11ಕ್ಕೆ 2, 71ಕ್ಕೆ 35, 103ಕ್ಕೆ 34 ಅಂಕಿಗೊಮ್ಮೆ ಸುತ್ತು ಬರುತ್ತದೆ. ಇವುಗಳ ಲ.ಸಾ.ಅ. ತೆಗೆದರೆ 3570. ಇದನ್ನು ಕೈಯಲ್ಲಿ ಬರೆದು ತಾಳೆ ನೋಡುವಷ್ಟು ಹುಚ್ಚು ನನಗಿಲ್ಲ.

ಎರಡು ವರ್ಗಗಳ ಮೊತ್ತ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಬೆಸ ಅವಿಭಾಜ್ಯಗಳನ್ನು 4ರಿಂದ ಭಾಗಿಸಿ. ಶೇಷ 1 ಬರಬೇಕು, ಇಲ್ಲ 3 ಬರಬೇಕು. ಶೇಷ 1 ಇರುವವು ಎರಡು ವರ್ಗಗಳ ಮೊತ್ತವಾಗಿ ಒಡೆಯುತ್ತವೆ, 3 ಇರುವವು ಎಂದೂ ಒಡೆಯುವುದಿಲ್ಲ. ಹೇಳಿದವನು ಅದೇ ಫರ್ಮಾ, ಮುಂದಿನ ಶತಮಾನದಲ್ಲಿ ಸಾಧಿಸಿ ತೋರಿಸಿದವನು ಆಯ್ಲರ್. ಶೇಷ 3ರ ಅವಿಭಾಜ್ಯ ಒಂದು ಸಂಖ್ಯೆಯಲ್ಲಿ ಬೆಸ ಸಲ ಬಂದಿದ್ದರೆ ಆ ಸಂಖ್ಯೆಯೂ ಎರಡು ವರ್ಗಗಳ ಮೊತ್ತ ಆಗಲಾರದು.

ಕೋಲಾರದ 7, 11, 71, 103 ನೋಡಿ. ನಾಲ್ಕಕ್ಕೂ ಶೇಷ 3. ತುಮಕೂರಿನ 17, 73, 461 ನೋಡಿ. ಮೂರಕ್ಕೂ ಶೇಷ 1. ಯಾರೋ ಕೂತು ಆರಿಸಿದ ಹಾಗಿದೆ! ಕೋಲಾರವನ್ನು ಎರಡು ವರ್ಗಗಳಾಗಿ ಬರೆಯಲು ಯಾವ ದಾರಿಯೂ ಇಲ್ಲ. ತುಮಕೂರಿಗೆ ನಾಲ್ಕು ದಾರಿ.

ಆ ನಾಲ್ಕನ್ನು ಹುಡುಕುವ ಕ್ರಮ ಬ್ರಹ್ಮಗುಪ್ತನದು, 628ರದ್ದು. ಮೊದಲು ಒಂದೊಂದನ್ನೂ ಒಡೆಯಿರಿ. 17 = 4² + 1². 73 = 8² + 3². 461 = 19² + 10². ಈಗ ಮೊದಲೆರಡು ಜೋಡಿ: (4, 1) ಮತ್ತು (8, 3). ನೇರಕ್ಕೆ ಗುಣಿಸಿ ಕೂಡಿಸಿ: 32 + 3 = 35. ಅಡ್ಡಕ್ಕೆ ಗುಣಿಸಿ ಕಳೆಯಿರಿ: 12 − 8 = 4. ಅಂದರೆ 17 × 73 = 1241 = 35² + 4². ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿದರೆ ಇನ್ನೊಂದು ಜೋಡಿ: 29 ಮತ್ತು 20. ಈ ಎರಡು ಜೋಡಿಗಳನ್ನೂ (19, 10)ರ ಜೊತೆ ಹೀಗೇ ಹೆಣೆದರೆ:

705² + 274²
625² + 426²
751² + 90²
670² + 351²

ನಾಲ್ಕೂ 572101. ಮೂರನೆಯದರ ಮೇಲೆ ಬೆರಳಿಡಿ. 751! ಕೋಲಾರ ಅಂದರೆ 751ರ ವರ್ಗದಿಂದ 30ರ ವರ್ಗ ಕಳೆದದ್ದು. ತುಮಕೂರು ಅಂದರೆ ಅದೇ 751ರ ವರ್ಗಕ್ಕೆ 90ರ ವರ್ಗ ಕೂಡಿಸಿದ್ದು. ನಡುವಿನ ಅಂತರ 900 + 8100, ಸರಿಯಾಗಿ 9000. ಇದು ಹೊಳೆದ ದಿನ ಮಂಡಿಯಲ್ಲಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಲೋಡರ್ ಹುಡುಗನಿಗೆ ಹೇಳಿದೆ. "ಇದರಿಂದ ರೇಟು ಏರುತ್ತಾ ಅಣ್ಣ?" ಅಂದ.

ಚಿಕ್ಕಬಳ್ಳಾಪುರ

ಉಳಿದದ್ದು 187367. ಇದರ ಮುಂದೆ ನನ್ನ ಉಪಾಯಗಳೆಲ್ಲ ಸೋತವು, ಅದೂ ಹೇಗೆ ಅಂತೀರಿ? ವರ್ಗದ ಉಪಾಯ: 750² − 562101 = 399. 400 ಆಗಿದ್ದರೆ 20ರ ವರ್ಗವಾಗುತ್ತಿತ್ತು, ಒಂದರಲ್ಲಿ ತಪ್ಪಿತು. 10001ರ ಉಪಾಯ: 2101 − 56 = 2045. 73ರ ಮಗ್ಗಿಯಲ್ಲಿ 2044 ಇದೆ. ಮತ್ತೆ ಒಂದರಲ್ಲಿ ತಪ್ಪಿತು.

ಹಾಗಾಗಿ ಭಾಗಿಸುತ್ತಾ ಹೋಗುವುದೊಂದೇ ದಾರಿ. 187367ರ ವರ್ಗಮೂಲ 432 ಚಿಲ್ಲರೆ. ಅಲ್ಲಿಯವರೆಗೆ 83 ಅವಿಭಾಜ್ಯಗಳು. 2, 3, 5 ಕಣ್ಣಲ್ಲೇ ಹೋದವು. 7, 11, 13, 73, 137 ಮೇಲಿನ ಉಪಾಯಗಳಲ್ಲಿ ಹೋದವು. 71, 103 ಕೋಲಾರದವು, 17 ತುಮಕೂರಿನದು. ಊರುಗಳ ನಡುವೆ ನಂಟಿಲ್ಲ ಅಂತ ಮೊದಲ ಹೆಜ್ಜೆಯಲ್ಲೇ ನೋಡಿದ್ದೆವಲ್ಲ, ಆ ರೀತಿಯಲ್ಲೇ ಇವೂ ಹೋದವು. ತುಮಕೂರಿಗೂ ಚಿಕ್ಕಬಳ್ಳಾಪುರಕ್ಕೂ ವ್ಯತ್ಯಾಸ ಹತ್ತು ಸಾವಿರ, ಅದರಲ್ಲಿ 2, 5 ಬಿಟ್ಟು ಏನೂ ಇಲ್ಲ. ಉಳಿದದ್ದು 72.

ಎರಡು ಮಧ್ಯಾಹ್ನ ಹಿಡಿಯಿತು. 19, 23, 29, 31. ಒಂದೊಂದಕ್ಕೂ ಶೇಷ ಬರೆದು ಗೆರೆ ಎಳೆಯುವುದು. ಈ ಕೆಲಸದಲ್ಲಿ ಕ್ಯಾಲ್ಕುಲೇಟರ್ ತೋರಿಸುವ ದಶಮಾಂಶ ನಂಬಬೇಡಿ, ಪೂರ್ಣ ಭಾಗಲಬ್ಧವನ್ನು ಮತ್ತೆ ಗುಣಿಸಿ ಶೇಷ ತೆಗೆಯಿರಿ. 211ರ ಹತ್ತಿರ ಬಂದಾಗ ಕೈ ನಿಂತಿತು. 211 × 888 = 187368. ಮೂರನೇ ಸಲ, ಅದೇ ಒಂದು! 431ರವರೆಗೂ ಹೋದೆ. ಯಾವುದಕ್ಕೂ ಬಗ್ಗಲಿಲ್ಲ. 187367 ಅವಿಭಾಜ್ಯ. 562101ಕ್ಕೆ ಇರುವ ಭಾಜಕಗಳು ನಾಲ್ಕೇ: 1, 3, 187367 ಮತ್ತು ತಾನು.

ಹಾಳೆಯ ತಲೆಮೇಲೆ ದೊಡ್ಡದಾಗಿ ಚಿಕ್ಕಬಳ್ಳಾಪುರ ಅಂತ ಬರೆದಿದ್ದೆ. ಸಾಹುಕಾರ್ರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಚಿಕ್ಕಬಳ್ಳಾಪುರದ ಪಾರ್ಟಿ ಲೆಕ್ಕಾನಾ? ಎಷ್ಟಪ್ಪಾ ಬಾಕಿ?"

"ಒಂದೇ ಒಂದಣ್ಣ" ಅಂದೆ.